ಬಯಲಿನಿಂದ ಕಂಡ ಬೆಟ್ಟ, ಬೆಟ್ಟದಿಂದ ಕಂಡ ಬಯಲು: ಮ್ಯಾಕಿಯವೆಲ್ಲಿ ಮತ್ತು ಕೃಷ್ಣದೇವರಾಯ

ಚುನಾವಣೆ ಮುಗಿದು ಸರ್ಕಾರ ರಚನೆಯ ಹಗ್ಗಜಗ್ಗಾಟ ಶುರುವಾಯಿತೆಂದರೆ ಸುದ್ದಿವಾಹಿನಿಗಳಲ್ಲಿ ‘ಮ್ಯಾಕಿಯವೆಲ್ಲಿ ರಾಜಕಾರಣ’ ಎಂಬ ಮಾತು ಬಂದೇ ಬರುತ್ತದೆ. ಅದು ಬೈಗುಳ. ಯಾರದೋ ಆಡಳಿತವನ್ನು ಹೊಗಳಬೇಕಾದಾಗ ‘ಕೃಷ್ಣದೇವರಾಯನ ಕಾಲ’ ಎನ್ನುತ್ತಾರೆ. ಈ ಎರಡು ಹೆಸರನ್ನು ಒಂದೇ ವಾಕ್ಯದಲ್ಲಿ ಕೇಳುವುದು ಅಪರೂಪ. ಆದರೆ ಇಬ್ಬರೂ ಒಂದೇ ಕಾಲದವರು. ಇಟಲಿಯ ಫ್ಲಾರೆನ್ಸಿನ ನಿಕೊಲೊ ಮ್ಯಾಕಿಯವೆಲ್ಲಿ 1527ರಲ್ಲಿ ತೀರಿಕೊಂಡ, ವಿಜಯನಗರದ ಕೃಷ್ಣದೇವರಾಯ 1529ರಲ್ಲಿ. ರಾಜ್ಯ ನಡೆಸುವುದು ಹೇಗೆಂದು ಇಬ್ಬರೂ ಬರೆದರು. ಒಬ್ಬರ ಹೆಸರು ಇನ್ನೊಬ್ಬರ ಕಿವಿಗೆ ಬಿದ್ದದ್ದಕ್ಕೆ ಯಾವ ಕುರುಹೂ ಇಲ್ಲ.

ಒಬ್ಬ ಧೂರ್ತ, ಇನ್ನೊಬ್ಬ ಧರ್ಮಾತ್ಮ ಎಂದು ಗೆರೆ ಎಳೆದುಬಿಡುವುದು ಸುಲಭ. ಬರಹಗಳನ್ನು ಎದುರುಬದುರು ಇಟ್ಟು ಓದಿದರೆ ಆ ಗೆರೆ ನಿಲ್ಲುವುದಿಲ್ಲ. ಇಬ್ಬರ ನಡುವಿನ ನಿಜವಾದ ವ್ಯತ್ಯಾಸ ಗುಣದ್ದಲ್ಲ, ನಿಂತ ಜಾಗದ್ದು. ಅದನ್ನು ಮ್ಯಾಕಿಯವೆಲ್ಲಿಯೇ ತನ್ನ ‘ದಿ ಪ್ರಿನ್ಸ್’ ಪುಸ್ತಕದ ಅರ್ಪಣೆಯಲ್ಲಿ ಹೇಳಿಟ್ಟಿದ್ದಾನೆ: ಬೆಟ್ಟದ ಚಿತ್ರ ಬರೆಯುವವನು ಬಯಲಿಗೆ ಇಳಿಯಬೇಕು, ಬಯಲಿನ ಚಿತ್ರ ಬರೆಯುವವನು ಬೆಟ್ಟ ಹತ್ತಬೇಕು, ಹಾಗೆಯೇ ಪ್ರಜೆಗಳನ್ನು ಅರಿಯಲು ದೊರೆಯಾಗಿರಬೇಕು, ದೊರೆಯನ್ನು ಅರಿಯಲು ಪ್ರಜೆಯಾಗಿರಬೇಕು. ಅವನು ಬಯಲಿನಲ್ಲಿದ್ದ. ರಾಯ ಬೆಟ್ಟದ ಮೇಲಿದ್ದ.

ಇಬ್ಬರ ಕೆಲಸ ಏನಾಗಿತ್ತು?

ಮ್ಯಾಕಿಯವೆಲ್ಲಿ ಮಂತ್ರಿಯಲ್ಲ, ಸೇನಾಪತಿಯೂ ಅಲ್ಲ. 1498ರಲ್ಲಿ, ತನ್ನ 29ನೆಯ ವಯಸ್ಸಿನಲ್ಲಿ, ಫ್ಲಾರೆನ್ಸ್ ಗಣರಾಜ್ಯದ ಎರಡನೆಯ ಕಚೇರಿಯ ಕಾರ್ಯದರ್ಶಿಯಾದ. ಗಣರಾಜ್ಯ ಎಂದರೆ ವಂಶದ ದೊರೆಯಿಲ್ಲದ, ಊರಿನ ಪ್ರಮುಖರು ಸರದಿಯಂತೆ ಅಧಿಕಾರ ಹಿಡಿಯುವ ಏರ್ಪಾಡು. ಯುದ್ಧದ ಉಸ್ತುವಾರಿಗಿದ್ದ ಹತ್ತು ಜನರ ಸಮಿತಿಯ ಕಾಗದಪತ್ರವೂ ಅವನ ಕೈಯಲ್ಲೇ ಇತ್ತು. ಹದಿನಾಲ್ಕು ವರ್ಷ ಆ ಕೆಲಸ ಮಾಡಿದ. 1512ರಲ್ಲಿ, ಹಿಂದೆ ಫ್ಲಾರೆನ್ಸನ್ನು ಆಳಿ ಹೊರದೂಡಿಸಿಕೊಂಡಿದ್ದ ಮೆಡಿಚಿ ಮನೆತನ ಸ್ಪೇನಿನ ಸೈನ್ಯದ ಬಲದಿಂದ ಊರಿಗೆ ಮರಳಿದಾಗ ಕೆಲಸ ಹೋಯಿತು. 1513ರ ಫೆಬ್ರುವರಿಯಲ್ಲಿ, ಸಂಚೊಂದರಲ್ಲಿ ಹೆಸರು ಸಿಕ್ಕಿತೆಂದು, ಸೆರೆಗೆ ಹಾಕಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ಹಗ್ಗದಲ್ಲಿ ಎತ್ತಿ ಬೀಳಿಸುವ ಶಿಕ್ಷೆ ಕೊಟ್ಟರು. ಬಿಡುಗಡೆಯಾಗಿ ಊರಾಚೆಯ ತೋಟದ ಮನೆ ಸೇರಿದವನು ಅದೇ ವರ್ಷ ‘ದಿ ಪ್ರಿನ್ಸ್’ ಬರೆದ. ಮತ್ತೆ ಕೆಲಸ ಸಿಗಲಿ ಎಂಬ ಆಸೆಯೂ ಅದರ ಹಿಂದಿತ್ತು. ಪುಸ್ತಕವನ್ನು ಅರ್ಪಿಸಿದ್ದು ಮೆಡಿಚಿ ಮನೆತನದವರಿಗೇ.

ಕೃಷ್ಣದೇವರಾಯ ತುಳುವ ವಂಶದ ದೊರೆ, 1509ರಿಂದ 1529ರವರೆಗೆ ಆಳಿದವನು. ಆಳ್ವಿಕೆಯ ಮೊದಲ ಹತ್ತು ವರ್ಷ ಹೆಚ್ಚೂಕಡಿಮೆ ದಂಡಿನಲ್ಲೇ ಕಳೆಯಿತು. ಉಮ್ಮತ್ತೂರಿನ ಪಾಳೆಯಗಾರನ ಮೇಲೆ ಶಿವನಸಮುದ್ರದಲ್ಲಿ, ಆಮೇಲೆ ಒಡಿಶಾದ ಗಜಪತಿಯ ಉದಯಗಿರಿ ಮತ್ತು ಕೊಂಡವೀಡು ಕೋಟೆಗಳ ಮೇಲೆ, 1520ರಲ್ಲಿ ರಾಯಚೂರಿನಲ್ಲಿ ಬಿಜಾಪುರದ ಇಸ್ಮಾಯಿಲ್ ಆದಿಲ್ ಷಾಹನ ಮೇಲೆ. ಇದರ ನಡುವೆ ತೆಲುಗಿನಲ್ಲಿ ‘ಆಮುಕ್ತಮಾಲ್ಯದ’ ಬರೆದ. ಕನ್ನಡ ನೆಲದ ದೊರೆ ತೆಲುಗಿನಲ್ಲೇಕೆ ಬರೆದ ಎಂದರೆ, ಕಳಿಂಗದ ದಂಡಯಾತ್ರೆಯಲ್ಲಿ ಶ್ರೀಕಾಕುಳದ ಆಂಧ್ರವಿಷ್ಣು ಕನಸಿನಲ್ಲಿ ಬಂದು ಕೇಳಿದ ಎಂದು ಕಾವ್ಯದ ಆರಂಭದಲ್ಲೇ ಹೇಳಿಕೊಂಡಿದ್ದಾನೆ. ಗೋದಾದೇವಿಯ ಕಥೆಯಿರುವ ಈ ಕಾವ್ಯದ ನಾಲ್ಕನೆಯ ಆಶ್ವಾಸದಲ್ಲಿ, ಅಂದರೆ ನಾಲ್ಕನೆಯ ಅಧ್ಯಾಯದಲ್ಲಿ, ಸುಮಾರು ಎಂಬತ್ತು ಪದ್ಯಗಳ ರಾಜನೀತಿ ಬರುತ್ತದೆ. ಸಿಂಹಾಸನ ಬಿಟ್ಟು ಹೊರಟ ಯಾಮುನಾಚಾರ್ಯ ಮಗನಿಗೆ ಹೇಳುವ ಬುದ್ಧಿಮಾತು ಅದು. ಮಾತು ಯಾಮುನಾಚಾರ್ಯನದಾದರೂ ಅನುಭವ ರಾಯನದೇ ಎಂಬುದು ಓದುತ್ತಿದ್ದಂತೆ ಗೊತ್ತಾಗುತ್ತದೆ. ಬಂದರು, ಕುದುರೆ, ಕೋಟೆ, ಕಾಡುಜನ, ಕೆರೆ — ಕೇಳಿ ಬರೆಯುವವನಿಗೆ ಇಷ್ಟು ವಿವರ ಸಿಗುವುದಿಲ್ಲ.

ರಾಯಭಾರಿ ಎಂದರೆ ಯಾರು?

ಇಂದು ರಾಯಭಾರಿ ಎಂದರೆ ಬಂಗಲೆ, ಬಾವುಟ ಹಾಕಿದ ಕಾರು ನೆನಪಾಗುತ್ತದೆ. ಮ್ಯಾಕಿಯವೆಲ್ಲಿ ಹೋಗುತ್ತಿದ್ದದ್ದು ಪೂರ್ಣ ರಾಯಭಾರಿಯಾಗಿ ಅಲ್ಲ. ಆ ಗೌರವ ಶ್ರೀಮಂತ ಮನೆತನದವರಿಗೆ ಮೀಸಲು. ಅವನದು ದೂತನ ಕೆಲಸ: ಮಾತು ಒಯ್ಯುವುದು, ಮಾತು ತರುವುದು, ಒಪ್ಪಂದಕ್ಕೆ ಸಹಿ ಹಾಕುವ ಅಧಿಕಾರ ಇಲ್ಲ.

ಹೊರಡುವಾಗ ಕೈಗೆ ಎರಡು ಕಾಗದ ಬರುತ್ತಿದ್ದವು. ಒಂದು, ‘ಇವನು ನಮ್ಮವನು, ಇವನ ಮಾತನ್ನು ನಂಬಿ’ ಎಂಬ ಪರಿಚಯಪತ್ರ. ಇನ್ನೊಂದು, ಏನು ಹೇಳಬೇಕು, ಏನು ಹೇಳಬಾರದು ಎಂಬ ಸೂಚನೆ. ಅಲ್ಲಿಗೆ ಹೋದ ಮೇಲೆ ನಿತ್ಯ ವರದಿ. ಯಾರು ಯಾರನ್ನು ಕಂಡರು, ದೊರೆಯ ಮುಖ ಹೇಗಿತ್ತು, ಎಷ್ಟು ಕುದುರೆ ಸವಾರರು ಬಂದರು, ಎಲ್ಲವೂ ಓಲೆಯಲ್ಲಿ. ಗುಟ್ಟಿನ ಭಾಗಕ್ಕೆ ಸಂಕೇತಲಿಪಿ. ಓಲೆ ಒಯ್ಯುವ ಸವಾರನಿಗೆ ಕೂಲಿ ಕೊಡಬೇಕು, ದಾರಿಯಲ್ಲಿ ಕುದುರೆ ಬದಲಿಸಬೇಕು. ದುಡ್ಡು ಸಾಲುತ್ತಿಲ್ಲ ಎಂಬ ದೂರು ಮ್ಯಾಕಿಯವೆಲ್ಲಿಯ ಓಲೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ.

ಈ ಏರ್ಪಾಡು ಕೆಡುತ್ತಿದ್ದದ್ದು ಎಲ್ಲಿ? ಕಳಿಸಿದವರ ಬಳಿ ಬಲವಿಲ್ಲದಿದ್ದರೆ ದೂತನ ಮಾತಿಗೆ ತೂಕವಿಲ್ಲ. 1500ರಲ್ಲಿ ಫ್ರಾನ್ಸಿನ ಹನ್ನೆರಡನೆಯ ಲೂಯಿಯ ಆಸ್ಥಾನಕ್ಕೆ ಹೋದಾಗ ಅಲ್ಲಿಯವರು ಫ್ಲಾರೆನ್ಸನ್ನು ‘ಶ್ರೀಮಾನ್ ಶೂನ್ಯ’ ಎಂದು ಕರೆಯುತ್ತಿರುವುದನ್ನು ಅವನು ಇದ್ದದ್ದು ಇದ್ದಂತೆ ಊರಿಗೆ ಬರೆದ. ಕೈಯಲ್ಲಿ ಆಯುಧ ಇದ್ದವರನ್ನು, ಇಲ್ಲವೇ ದುಡ್ಡು ಎಣಿಸುವವರನ್ನು ಮಾತ್ರ ಅವರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ ಎಂದೂ ಸೇರಿಸಿದ. 1502ರ ಅಕ್ಟೋಬರಿನಲ್ಲಿ ಪೋಪನ ಮಗ ಚೆಸಾರೆ ಬೋರ್ಜಾನ ಬಳಿಗೆ ಇಮೋಲಾಕ್ಕೆ ಕಳಿಸಿದಾಗ ಕೊಟ್ಟ ಸೂಚನೆಯ ಸಾರ ಇಷ್ಟೇ: ಒಳ್ಳೆಯ ಮಾತಾಡು, ಏನನ್ನೂ ಒಪ್ಪಿಕೊಳ್ಳಬೇಡ, ಕಾಲ ತಳ್ಳು. ಮೂರು ತಿಂಗಳು ಹಾಗೆಯೇ ಕಾಲ ತಳ್ಳುತ್ತ ಅವನು ಬೋರ್ಜಾನನ್ನು ನೋಡಿದ. ಡಿಸೆಂಬರ್ 31ರಂದು ಸೆನಿಗಾಲಿಯಾದಲ್ಲಿ ಬೋರ್ಜಾ ತನ್ನ ವಿರುದ್ಧ ತಿರುಗಿಬಿದ್ದಿದ್ದ ದಳಪತಿಗಳನ್ನು ಸಂಧಿಯ ನೆಪದಲ್ಲಿ ಕರೆಸಿ ಹಿಡಿದ. ಅವರಲ್ಲಿ ಇಬ್ಬರನ್ನು ಅದೇ ರಾತ್ರಿ ಕತ್ತು ಹಿಸುಕಿ ಕೊಲ್ಲಿಸಿದ. ‘ದಿ ಪ್ರಿನ್ಸ್’ನಲ್ಲಿ ಬೋರ್ಜಾ ಅಷ್ಟು ದೊಡ್ಡದಾಗಿ ಕಾಣುವುದಕ್ಕೆ ಈ ಮೂರು ತಿಂಗಳೇ ಕಾರಣ.

ಬೆಟ್ಟದ ಮೇಲಿನಿಂದ ದೂತರು ಕಂಡ ಬಗೆ

ವಿಜಯನಗರದಲ್ಲಿ ದೂತರ ಓಡಾಟದ ಹಿಂದೆ ಬಹಳ ಸಲ ಇದ್ದದ್ದು ಕುದುರೆ. ದಕ್ಷಿಣದ ಹವೆಯಲ್ಲಿ ಯುದ್ಧಕ್ಕೆ ಬೇಕಾದ ತಳಿಯ ಕುದುರೆ ಚೆನ್ನಾಗಿ ಬೆಳೆಯುವುದಿಲ್ಲ. ಅರೇಬಿಯಾ, ಹೊರ್ಮುಜ್ ಕಡೆಯಿಂದ ಹಡಗಿನಲ್ಲಿ ತರಿಸಬೇಕು, ದಾರಿಯಲ್ಲಿ ಎಷ್ಟೋ ಸಾಯುತ್ತವೆ. ಸಾಳುವ ನರಸಿಂಹನ ಕಾಲದಲ್ಲಿ ಸತ್ತ ಕುದುರೆಗೂ ದೊರೆ ಬೆಲೆ ಕೊಡುತ್ತಿದ್ದ, ಸಮುದ್ರದಲ್ಲಿ ಸತ್ತರೆ ಬಾಲ ತಂದು ತೋರಿಸಿದರೆ ಸಾಕಿತ್ತು ಎಂದು ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿದ್ದಾನೆ. ಬೆಲೆ ಮೂರು ಕುದುರೆಗೆ ಸಾವಿರ ವರಾಹ. ವ್ಯಾಪಾರಿಯ ನಷ್ಟವನ್ನು ಕೊಳ್ಳುವವನೇ ಹೊತ್ತರೆ ಅವನು ಮುಂದಿನ ವರ್ಷವೂ ನಿನ್ನ ಬಂದರಿಗೇ ಬರುತ್ತಾನೆ ಎಂಬ ಲೆಕ್ಕ.

1510ರ ನವೆಂಬರಿನಲ್ಲಿ ಪೋರ್ಚುಗೀಸ್ ಗವರ್ನರ್ ಆಲ್ಬುಕರ್ಕ್ ಗೋವೆಯನ್ನು ಗಟ್ಟಿಯಾಗಿ ಹಿಡಿದ ಮೇಲೆ ಕುದುರೆಯ ಹಡಗುಗಳ ಬೀಗದ ಕೈ ಪೋರ್ಚುಗೀಸರ ಬಳಿ ಸೇರಿತು. ವಿಜಯನಗರ, ಬಿಜಾಪುರ ಎರಡೂ ಅಲ್ಲಿಗೆ ದೂತರನ್ನು ಕಳಿಸಿದವು. ರಾಯನ ಪದ್ಯಗಳು ಈ ಹಿನ್ನೆಲೆಯಲ್ಲಿ ಕಾವ್ಯಕ್ಕಿಂತ ಹೆಚ್ಚಾಗಿ ಆಡಳಿತದ ಸುತ್ತೋಲೆಯಂತೆ ಓದಿಸಿಕೊಳ್ಳುತ್ತವೆ: ಬಂದರುಗಳನ್ನು ಸುಧಾರಿಸು, ಬಿರುಗಾಳಿ, ಕಾಯಿಲೆ, ದಣಿವಿಗೆ ಸಿಕ್ಕಿ ದಡ ಸೇರಿದ ಪರದೇಶಿ ನಾವಿಕರನ್ನು ಅವರವರ ದೇಶಕ್ಕೆ ತಕ್ಕಂತೆ ನೋಡಿಕೊ, ಆನೆ ಕುದುರೆ ತರುವ ದೂರದ ವರ್ತಕರಿಗೆ ಪಟ್ಟಣದಲ್ಲಿ ಮನೆ, ಊರು, ನಿತ್ಯದ ದರ್ಶನ, ಒಳ್ಳೆಯ ಲಾಭ ಕೊಡು, ಆ ಸರಕು ಶತ್ರುವಿನ ಪಾಲಾಗದಿರಲಿ.

ರಾಯಚೂರಿನ ಯುದ್ಧಕ್ಕೆ ನೂನಿಜ್ ಕೊಡುವ ಕಾರಣವೂ ಇದೇ. ಗೋವೆಯಲ್ಲಿ ಕುದುರೆ ಕೊಳ್ಳಲೆಂದು ರಾಯ 40,000 ವರಾಹ ಕೊಟ್ಟು ಕಳಿಸಿದ ವ್ಯಾಪಾರಿ ಹಣದೊಂದಿಗೆ ಆದಿಲ್ ಷಾಹನ ಕಡೆ ಓಡಿಹೋದ. ಒಪ್ಪಿಸು ಎಂದು ಪತ್ರ ಹೋಯಿತು, ಅವನು ಒಪ್ಪಿಸಲಿಲ್ಲ. ಈ ಕಾಲದ ಮಾತಿನಲ್ಲಿ ಹೇಳುವುದಾದರೆ, ತಲೆಮರೆಸಿಕೊಂಡವನ ಹಸ್ತಾಂತರದ ಜಗಳ.

ಗೆದ್ದ ಮೇಲೆ ನಡೆದದ್ದು ಇನ್ನೂ ಮುಖ್ಯ. ಪರರಾಜರ ದೂತರ ಮುಂದೆ ಅವರ ಒಡೆಯನ ಬಗ್ಗೆ ಬಿರುನುಡಿ ಆಡಬೇಡ, ನಾಳೆ ಸಂಧಿಯಾಗಬಹುದು ಎಂದು ರಾಯನ ರಾಜನೀತಿ ಹೇಳುತ್ತದೆ. ಆದರೆ ಆದಿಲ್ ಷಾಹನ ದೂತ ಬಂದಾಗ ಅವನನ್ನು ಒಂದು ತಿಂಗಳಿಗೂ ಹೆಚ್ಚು ಕಾಯಿಸಿ, ನಿನ್ನ ಒಡೆಯ ಬಂದು ನನ್ನ ಕಾಲಿಗೆ ಮುತ್ತಿಟ್ಟರೆ ಗೆದ್ದದ್ದನ್ನೆಲ್ಲ ಹಿಂದಿರುಗಿಸುತ್ತೇನೆ ಎಂದನೆಂದು ನೂನಿಜ್ ಹೇಳುತ್ತಾನೆ. ಆದಿಲ್ ಷಾ ಬರಲಿಲ್ಲ. ರಾಯ ದಂಡು ಕಟ್ಟಿಕೊಂಡು ಬಿಜಾಪುರದವರೆಗೆ ಹೋದ. ರಾಯನ ಗುಣವನ್ನು ಮೆಚ್ಚಿ ಬರೆದ ಪೋರ್ಚುಗೀಸ್ ಪ್ರವಾಸಿ ಪಾಯಸ್ ಕೂಡ ಅವನಿಗೆ ಇದ್ದಕ್ಕಿದ್ದಂತೆ ಸಿಟ್ಟು ಏರುತ್ತಿತ್ತು ಎಂಬುದನ್ನು ಮುಚ್ಚಿಟ್ಟಿಲ್ಲ.

ಸೈನ್ಯ ಯಾರದ್ದು?

ಇಬ್ಬರನ್ನೂ ಒಂದೇ ಸಮಸ್ಯೆ ಕಾಡಿತು: ದೊರೆಗೂ ಸೈನಿಕನಿಗೂ ನಡುವೆ ಆಯುಧ ಹಿಡಿದು ನಿಂತ ಮೂರನೆಯವನು.

ಇಟಲಿಯಲ್ಲಿ ಅವನು ಗುತ್ತಿಗೆಯ ದಳಪತಿ. ಇಷ್ಟು ಸವಾರರು, ಇಷ್ಟು ತಿಂಗಳು, ಇಷ್ಟು ಹಣ ಎಂದು ಕರಾರು. ಕಟ್ಟಡದ ಗುತ್ತಿಗೆದಾರನಂತೆಯೇ, ಕೆಲಸ ಬೇಗ ಮುಗಿದರೆ ಅವನಿಗೆ ನಷ್ಟ. ಬಂಡೆದ್ದ ಪೀಸಾ ಊರನ್ನು ಮರಳಿ ಪಡೆಯಲು ಫ್ಲಾರೆನ್ಸ್ ಪಾವೊಲೊ ವಿಟೆಲ್ಲಿ ಎಂಬವನನ್ನು ಗೊತ್ತುಮಾಡಿತು. 1499ರ ಆಗಸ್ಟಿನಲ್ಲಿ ಅವನ ಫಿರಂಗಿಗಳು ಗೋಡೆ ಒಡೆದವು, ಆದರೆ ಅವನು ಒಳನುಗ್ಗಲಿಲ್ಲ. ಅಕ್ಟೋಬರಿನಲ್ಲಿ ಫ್ಲಾರೆನ್ಸ್ ಅವನ ತಲೆ ತೆಗೆಸಿತು. ಇದರಿಂದ ಮ್ಯಾಕಿಯವೆಲ್ಲಿ ಕಲಿತ ಪಾಠ, ಸೈನ್ಯ ಊರಿನದ್ದೇ ಆಗಿರಬೇಕು ಎಂಬುದು. ಹಳ್ಳಿಗಳಿಂದ ಜನರನ್ನು ಸೇರಿಸಿ ಪಡೆ ಕಟ್ಟಿದ. 1509ರಲ್ಲಿ ಪೀಸಾ ಶರಣಾದಾಗ ಆ ಪಡೆಯೂ ಅಲ್ಲಿತ್ತು. ಮೂರು ವರ್ಷದ ನಂತರ ಫ್ಲಾರೆನ್ಸಿನ ಹತ್ತಿರದ ಪ್ರಾಟೊ ಊರಿನಲ್ಲಿ ಸ್ಪೇನಿನ ನುರಿತ ಸೈನಿಕರ ಮುಂದೆ ಅದೇ ಪಡೆ ಚದುರಿಹೋಯಿತು. ಭತ್ಯೆಯಿಲ್ಲದೆ ರಜೆಯ ದಿನಗಳಲ್ಲಿ ಕವಾಯತು ಮಾಡಿದವರು ವರ್ಷಗಟ್ಟಲೆ ಯುದ್ಧದಲ್ಲೇ ಬದುಕಿದವರ ಎದುರು ನಿಲ್ಲುವುದು ಕಷ್ಟ.

ವಿಜಯನಗರದಲ್ಲಿ ಆ ಮೂರನೆಯವನು ಅಮರನಾಯಕ. ದೊರೆ ಅವನಿಗೆ ಸೀಮೆ ಕೊಡುತ್ತಾನೆ. ಅವನು ಅದರ ಹುಟ್ಟುವಳಿಯಲ್ಲಿ ಗೊತ್ತಾದಷ್ಟು ಕುದುರೆ, ಕಾಲಾಳು, ಆನೆ ಸಾಕಿ, ಕಪ್ಪವನ್ನೂ ಕಟ್ಟುತ್ತಾನೆ. ಇಂಥವರು ಇನ್ನೂರಕ್ಕೂ ಹೆಚ್ಚು ಇದ್ದರೆಂದು ನೂನಿಜ್‌ನ ಲೆಕ್ಕ. ರಾಜಧಾನಿಯಲ್ಲಿ ಒಬ್ಬೊಬ್ಬ ನಾಯಕನ ಪರವಾಗಿ ಸ್ಥಾನಾಪತಿ ಎಂಬ ಪ್ರತಿನಿಧಿ ಇರುತ್ತಿದ್ದ. ಒಂದೇ ರಾಜ್ಯದ ಒಳಗೇ ನಡೆಯುತ್ತಿದ್ದ ರಾಯಭಾರ ಅದು. ನಾಯಕ ಬಲಿತರೆ ದೊರೆಗೆ ಅಪಾಯ. ರಾಯನ ಉಪಾಯ, ಮುಖ್ಯ ಕೋಟೆಗಳನ್ನು ತನಗೆ ನಂಬಿಕೆಯ ಬ್ರಾಹ್ಮಣ ಅಧಿಕಾರಿಗಳ ಕೈಗೆ ಕೊಡುವುದು. ಜೊತೆಗೆ ಆದಾಯವನ್ನು ನಾಲ್ಕು ಪಾಲು ಮಾಡಿ ಎರಡನ್ನು ಸೈನ್ಯಕ್ಕೆ, ಒಂದನ್ನು ದಾನ ಮತ್ತು ಭೋಗಕ್ಕೆ, ಒಂದನ್ನು ಬೊಕ್ಕಸಕ್ಕೆ ಇಡು ಎನ್ನುತ್ತಾನೆ. ಅರ್ಧ ಆದಾಯ ಸೈನ್ಯಕ್ಕೆ! ಇದನ್ನು ಓದಿದ ಮೇಲೆ ಅವನನ್ನು ಬರೀ ಭಕ್ತಕವಿ ಎನ್ನುವುದು ಕಷ್ಟ.

ನೀರು: ಒಬ್ಬನ ಕಾಲುವೆ, ಇನ್ನೊಬ್ಬನ ಕೆರೆ

ಇಬ್ಬರ ಹೋಲಿಕೆಯಲ್ಲಿ ನನಗೆ ಅತಿ ಮುಖ್ಯವೆನಿಸುವುದು, ಯಾರೂ ಹೆಚ್ಚಾಗಿ ಎತ್ತದ ಈ ಸಂಗತಿ. ಇಬ್ಬರೂ ನೀರಿಗೆ ಕೈ ಹಾಕಿದ್ದರು.

ಪೀಸಾ ಬಗ್ಗದಿದ್ದಾಗ, ಅದರ ಜೀವನಾಡಿಯಾದ ಆರ್ನೊ ನದಿಯನ್ನೇ ತಿರುಗಿಸಿಬಿಡುವ ಯೋಜನೆ ಫ್ಲಾರೆನ್ಸಿನಲ್ಲಿ ಹುಟ್ಟಿತು. ಲಿಯೊನಾರ್ಡೊ ಡ ವಿಂಚಿ 1503ರಲ್ಲಿ ಜಾಗ ನೋಡಿ ಬಂದಿದ್ದ. 1504ರ ಆಗಸ್ಟಿನಲ್ಲಿ ಕೊಲೊಂಬಿನೊ ಎಂಬ ನೀರುಕೆಲಸದ ಮೇಸ್ತ್ರಿಯ ಕೈಕೆಳಗೆ ಅಗೆತ ಶುರುವಾಯಿತು. ದಿನಕ್ಕೆ 2,000 ಆಳುಗಳು ಬೇಕೆಂಬ ಅಂದಾಜು. ಕಚೇರಿಯಿಂದ ಕಾಗದ ಬರೆದು ಕೆಲಸ ನಡೆಸುತ್ತಿದ್ದವನು ಮ್ಯಾಕಿಯವೆಲ್ಲಿ. ತಪ್ಪಾದದ್ದು ಆಳದಲ್ಲಿ. ಕಾಲುವೆಯ ತಳ ನದಿಯ ತಳಕ್ಕಿಂತ ಎತ್ತರದಲ್ಲಿ ಉಳಿಯಿತು. ಪ್ರವಾಹ ಬಂದಾಗ ನೀರು ಕಾಲುವೆಗೆ ಹತ್ತಿತು, ಇಳಿದಾಗ ಮತ್ತೆ ನದಿಗೇ ಹೋಯಿತು. ಕಾಲುವೆಯ ತಳ ಸಾಲದೆಂಬ ಆತಂಕವನ್ನು ಮ್ಯಾಕಿಯವೆಲ್ಲಿ ದೂರದಿಂದಲೇ ಬರೆದು ತಿಳಿಸಿದ್ದ. ಅಕ್ಟೋಬರಿನ ಬಿರುಮಳೆಗೆ ಬದುಗಳು ಕುಸಿದವು, ಕಾವಲಿನವರು ಹಿಂದೆ ಸರಿದರು, ಪೀಸಾದವರು ಬಂದು ಕಾಲುವೆ ಮುಚ್ಚಿದರು. ಒಂಬತ್ತು ವರ್ಷದ ನಂತರ ‘ದಿ ಪ್ರಿನ್ಸ್’ನ 25ನೆಯ ಅಧ್ಯಾಯದಲ್ಲಿ ಅವನು ವಿಧಿಯನ್ನು ಉಕ್ಕುವ ನದಿಗೆ ಹೋಲಿಸಿದ: ಬೇಸಗೆಯಲ್ಲೇ ಏರಿ ಕಟ್ಟಿ ಕಾಲುವೆ ತೋಡಿಟ್ಟವನಿಗೆ ಪ್ರವಾಹದ ಹಾನಿ ಕಡಿಮೆ. ಆ ಉಪಮೆಯ ಹಿಂದೆ ಆರ್ನೊ ಇದೆ ಎಂದೇ ನಾನು ಓದಿಕೊಳ್ಳುತ್ತೇನೆ.

ರಾಯನ ಪದ್ಯದಲ್ಲಿ ನೀರು ಉಪಮೆಯಲ್ಲ. ನೆಲ ಚಿಕ್ಕದಿದ್ದರೂ ಕೆರೆ, ಕಾಲುವೆ ತೋಡಿಸು, ಬಡ ರೈತನಿಗೆ ಅರಿ, ಕೋರು ಇಳಿಸಿ ಭೂಮಿ ಕೊಡು, ಅವನೂ ಬೆಳೆಯುತ್ತಾನೆ, ನಿನ್ನ ಬೊಕ್ಕಸವೂ ಬೆಳೆಯುತ್ತದೆ ಎಂಬುದು ಅಲ್ಲಿಯ ಮಾತು. ಅರಿ, ಕೋರು ಎರಡೂ ಆ ಕಾಲದ ಕಂದಾಯದ ಹೆಸರುಗಳು. ಕೋರು ಎಂದರೆ ಬೆಳೆಯಲ್ಲಿ ಕೊಡುವ ಪಾಲು. ಇದನ್ನು ಅವನು ನಾಗಲಾಪುರದಲ್ಲಿ, ಅಂದರೆ ಇಂದಿನ ಹೊಸಪೇಟೆಯ ಹತ್ತಿರ, ಮಾಡಿ ನೋಡಿದ. ಎರಡು ಗುಡ್ಡಗಳ ನಡುವೆ ದೊಡ್ಡ ಕೆರೆ. ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳಂತೆ ಕೆಲಸ ಮಾಡುತ್ತಿದ್ದದ್ದನ್ನು ಪಾಯಸ್ ಕಂಡು ಬರೆದ. ಕಲ್ಲುಕೆಲಸಕ್ಕೆ ಗೋವೆಯ ಕಡೆಯಿಂದ ಜೊವಾವೊ ದೆ ಲಾ ಪೊಂಟೆ ಎಂಬವನು ಬಂದ. ಇಲ್ಲೂ ಕೆಲಸ ಕೆಟ್ಟಿತು: ಏರಿ ಎರಡು ಮೂರು ಸಲ ಒಡೆಯಿತು. ಆಗ ಬ್ರಾಹ್ಮಣರನ್ನು ಕೇಳಿ ಅರುವತ್ತು ಜನರನ್ನೂ ಕೆಲವು ಕುದುರೆ, ಕೋಣಗಳನ್ನೂ ಬಲಿ ಕೊಡಿಸಿದರು ಎಂದು ಪಾಯಸ್ ದಾಖಲಿಸಿದ್ದಾನೆ; ಕೊಂದದ್ದು ಮರಣದಂಡನೆಗೆ ಅರ್ಹರಾದ ಕೈದಿಗಳನ್ನು ಎಂದು ನೂನಿಜ್. ರಾಯನನ್ನು ಮೆಚ್ಚುವವರು ಈ ಸಾಲನ್ನೂ ಓದಬೇಕು.

ಕೆರೆ ಕೊನೆಗೂ ನಿಂತಿತು. ಅದರ ನೀರು ಹರಿಯುವ ಜಮೀನನ್ನು ರೈತರಿಗೆ ಒಂಬತ್ತು ವರ್ಷ ಕಂದಾಯವಿಲ್ಲದೆ ಬಿಟ್ಟುಕೊಟ್ಟರು. ಬೀಳು ನೆಲವನ್ನು ಮಟ್ಟ ಮಾಡಿ, ಬದು ಹಾಕಿ ಗದ್ದೆ ಮಾಡಲು ಅಷ್ಟು ಕಾಲ ಬೇಕು. ಮೊದಲ ವರ್ಷವೇ ಕಂದಾಯ ಕೇಳಿದರೆ ರೈತ ಬಿಟ್ಟುಹೋಗುತ್ತಾನೆ. ನೂನಿಜ್ ಬರೆಯುವ ಹೊತ್ತಿಗೆ ಅಲ್ಲಿಂದ ವರ್ಷಕ್ಕೆ 20,000 ವರಾಹ ಬರುತ್ತಿತ್ತು.

ಭಯ, ಪ್ರೀತಿ ಮತ್ತು ರೈತನ ದನ

ಮ್ಯಾಕಿಯವೆಲ್ಲಿಯ ಹೆಸರಿನಲ್ಲಿ ಓಡಾಡುವ ‘ಗುರಿ ಸರಿಯಿದ್ದರೆ ದಾರಿ ಯಾವುದಾದರೂ ಸರಿ’ ಎಂಬ ವಾಕ್ಯ ‘ದಿ ಪ್ರಿನ್ಸ್’ನಲ್ಲಿ ಇಲ್ಲ. ಅಲ್ಲಿರುವುದು, ಜನ ಫಲವನ್ನು ನೋಡಿ ತೀರ್ಪು ಕೊಡುತ್ತಾರೆ ಎಂಬ ಗಮನಿಕೆ. ಪ್ರೀತಿ, ಭಯ ಎರಡೂ ಒಟ್ಟಿಗೆ ಸಿಗದಿದ್ದರೆ ಭಯವೇ ದೊರೆಗೆ ಕ್ಷೇಮ ಎಂದು ಅವನು ಹೇಳಿದ್ದು ನಿಜ. ಆದರೆ ಕೂಡಲೇ ಒಂದು ಎಚ್ಚರಿಕೆ ಸೇರಿಸುತ್ತಾನೆ: ಭಯ ದ್ವೇಷವಾಗಬಾರದು. ಅದಕ್ಕಾಗಿ ಪ್ರಜೆಯ ಆಸ್ತಿಗೂ ಹೆಂಗಸರಿಗೂ ಕೈ ಹಾಕಬೇಡ. ಅಪ್ಪ ಸತ್ತದ್ದನ್ನು ಮರೆತಷ್ಟು ಬೇಗ ಮನುಷ್ಯ ಪಿತ್ರಾರ್ಜಿತ ಹೋದದ್ದನ್ನು ಮರೆಯುವುದಿಲ್ಲ.

ಇದೇ ಜಾಗಕ್ಕೆ ರಾಯನೂ ಬರುತ್ತಾನೆ, ಮೇಲಿನಿಂದ. ಕಷ್ಟ ತಾಳದೆ ಊರು ಬಿಟ್ಟ ರೈತನನ್ನು ಕರೆತರುವುದು ಬಿಟ್ಟು, ಅವನ ದನ, ಕಾಳು ಮಾರಿ, ಮನೆಯ ಮರ ಸೌದೆಗಾಯಿತು ಎನ್ನುವ ಅಧಿಕಾರಿ ಇರುವ ದೊರೆ ಏಳು ದ್ವೀಪ ಗೆದ್ದರೂ ಏಳಿಗೆ ಕಾಣುವುದಿಲ್ಲ. ಇಬ್ಬರೂ ಆಸ್ತಿಯ ಮಾತೇ ಆಡುತ್ತಿದ್ದಾರೆ. ಆದರೆ ಮ್ಯಾಕಿಯವೆಲ್ಲಿ ದೊರೆಯ ಕೈಯನ್ನು ನೋಡುತ್ತಾನೆ, ರಾಯ ತನ್ನ ಅಧಿಕಾರಿಯ ಕೈಯನ್ನು. ಬಯಲಿನಲ್ಲಿ ನಿಂತವನಿಗೆ ದೊರೆ ಹೇಗೆ ಕಾಣುತ್ತಾನೆ ಎಂಬುದು ಪ್ರಶ್ನೆ. ಬೆಟ್ಟದ ಮೇಲಿದ್ದವನಿಗೆ, ತನಗೆ ಏನು ಕಾಣುತ್ತಿಲ್ಲ ಎಂಬುದು. ಹಾಗಾಗಿಯೇ ಗೂಢಚಾರರು, ಮಂತ್ರಿಯನ್ನು ಆರಿಸುವ ಬಗೆ, ಯೋಗ್ಯ ಮಂತ್ರಿ ಸಿಗದಿದ್ದರೆ ತಾನೇ ಹೊಣೆ ಹೊರುವುದು, ಇವು ರಾಯನ ಪದ್ಯಗಳಲ್ಲಿ ಅಷ್ಟು ಜಾಗ ಪಡೆದಿವೆ. ಸಾವಿನ ಶಿಕ್ಷೆಯಾದವನಿಗೆ ಮೂರು ಸಲ ಬೇಡಿಕೊಳ್ಳುವ ಅವಕಾಶ ಕೊಡು ಎನ್ನುತ್ತಾನೆ. ತಪ್ಪಿಸಿಕೊಂಡರೆ ರಾಜ್ಯಕ್ಕೆ ಕುತ್ತು ತರುವವನನ್ನು ಮಾತ್ರ ಕೂಡಲೇ ಕೊಲ್ಲಿಸು ಎಂದೂ ಹೇಳುತ್ತಾನೆ. ಎರಡನೆಯ ಸಾಲನ್ನು ಹೆಸರು ಮುಚ್ಚಿ ತೋರಿಸಿದರೆ ಹಲವರು ಮ್ಯಾಕಿಯವೆಲ್ಲಿಯದೆಂದೇ ಹೇಳಿಯಾರು.

ಕೊನೆಯ ವರ್ಷಗಳು

ರಾಯ 1524ರಲ್ಲಿ ಆರು ವರ್ಷದ ಮಗ ತಿರುಮಲನಿಗೆ ಪಟ್ಟ ಕಟ್ಟಿದ. ಹುಡುಗ ಬಹುಬೇಗ ತೀರಿಕೊಂಡ. ವಿಷ ಹಾಕಿಸಿದರೆಂಬ ಅನುಮಾನ ತಿಮ್ಮರಸನ ಮನೆಯ ಮೇಲೆ ಬಿತ್ತು. ತನ್ನನ್ನು ಪಟ್ಟಕ್ಕೇರಿಸಿದ ಈ ಮಂತ್ರಿಯನ್ನೂ ಅವನ ಮಕ್ಕಳನ್ನೂ ರಾಯ ಸೆರೆಯಲ್ಲಿಟ್ಟು ಕಣ್ಣು ಕೀಳಿಸಿದನೆಂದು ನೂನಿಜ್ ಬರೆಯುತ್ತಾನೆ. ಮ್ಯಾಕಿಯವೆಲ್ಲಿಗೆ 1520ರ ನಂತರ ಮೆಡಿಚಿಗಳಿಂದ ಚಿಕ್ಕಪುಟ್ಟ ಕೆಲಸ ಸಿಕ್ಕವು, ಫ್ಲಾರೆನ್ಸಿನ ಇತಿಹಾಸ ಬರೆಯುವ ಕೆಲಸವೂ ಸೇರಿ. 1527ರಲ್ಲಿ ಮೆಡಿಚಿಗಳನ್ನು ಓಡಿಸಿ ಗಣರಾಜ್ಯ ಮರಳಿದಾಗ, ಆ ಕೆಲಸಗಳೇ ಅಡ್ಡ ಬಂದು ಹಳೆಯ ಹುದ್ದೆ ಬೇರೊಬ್ಬನ ಪಾಲಾಯಿತು. ಜೂನ್ 21ರಂದು, 58ನೆಯ ವಯಸ್ಸಿನಲ್ಲಿ, ಅವನು ಸತ್ತ. ‘ದಿ ಪ್ರಿನ್ಸ್’ ಅಚ್ಚಾದದ್ದು 1532ರಲ್ಲಿ.

ಅಷ್ಟು ಹೊತ್ತಿಗೆ ಇಬ್ಬರೂ ಕಾಯಲು ದುಡಿದದ್ದು ಕೈಬಿಟ್ಟಿತ್ತು. 1530ರಲ್ಲಿ ಫ್ಲಾರೆನ್ಸ್ ಗಣರಾಜ್ಯ ಚಕ್ರವರ್ತಿ ಐದನೆಯ ಚಾರ್ಲ್ಸ್‌ನ ಸೈನ್ಯಕ್ಕೆ ಶರಣಾಯಿತು. ಅದೇ ವರ್ಷ ಇಸ್ಮಾಯಿಲ್ ಆದಿಲ್ ಷಾ ರಾಯಚೂರನ್ನು ಮರಳಿ ಹಿಡಿದ.